ಚಿಕ್ಕಮ್ಮನ ಗುಂಗುರು ಕೂದಲು

ಜನವರಿ ೧೨

ಚಿಕ್ಕಮ್ಮನಿಗೆ,

ಪತ್ರ ನೋಡಿ ಗಾಬರಿಯಾಗಬೇಡಿ. ನಾನು ಚೆನ್ನಾಗಿದ್ದೇನೆ, ಕೆಲಸ ಇದೆ, ಯಾರ ಜೊತೆಯೂ ಓಡಿಹೋಗಿಲ್ಲ. ಫೋನಿನಲ್ಲೇ ಕೇಳೋಣವೆಂದು ಎರಡು ಭಾನುವಾರ ಪ್ರಯತ್ನಪಟ್ಟೆ. ನೀವು "ಊಟ ಆಯ್ತಾ?" ಅಂದಿರಿ. ನಾನು "ಆಯ್ತು, ನಿಮ್ಮದು?" ಅಂದೆ. ನೀವು "ಆಯ್ತು" ಅಂದಿರಿ. ಆಮೇಲೆ ಇಬ್ಬರೂ ಗಂಟಲು ಸರಿಮಾಡಿಕೊಂಡು ಫೋನ್ ಇಟ್ಟೆವು. ಅಪ್ಪ ಇದ್ದಾಗ ನಡುವೆ ಬಾಯಿ ಹಾಕಿ ಮಾತು ಎಳೆಯುತ್ತಿದ್ದರು. ಅವರು ಹೋಗಿ ವರ್ಷವಾದರೂ ನಮಗಿಬ್ಬರಿಗೆ ಆ ವಿದ್ಯೆ ಹತ್ತಲಿಲ್ಲ.

ವಿಷಯ ಇಷ್ಟೇ. ನನಗೆ ನಿಮ್ಮ ಕೂದಲು ಬೇಕು.

ನಾನೇನು ಕೆಲಸ ಮಾಡುತ್ತೇನೆಂದು ಯಾರಾದರೂ ಕೇಳಿದರೆ ನೀವು "ಕಂಪ್ಯೂಟರಲ್ಲಿ ಬೊಂಬೆ ಸಿನಿಮಾ ಮಾಡ್ತಾಳೆ" ಅನ್ನುತ್ತೀರಿ. ಅಷ್ಟು ದೊಡ್ಡ ಕೆಲಸ ನನ್ನದಲ್ಲ. ಬೊಂಬೆಯ ಮುಖ ಒಬ್ಬರದು, ನಡಿಗೆ ಇನ್ನೊಬ್ಬರದು, ಬಟ್ಟೆ ಮತ್ತೊಬ್ಬರದು. ನನ್ನದು ತಲೆಗೂದಲು ಮಾತ್ರ. ಒಂದು ತಲೆಗೆ ಸುಮಾರು ಲಕ್ಷ ಎಳೆ. ಅಷ್ಟನ್ನೂ ಒಂದೊಂದಾಗಿ ಇಡುತ್ತ ಕೂತರೆ ಏಳು ಜನ್ಮ ಸಾಲದು. ಅದಕ್ಕೆ ಕೆಲವು ನೂರು ಎಳೆಗಳನ್ನು ಮಾತ್ರ ನಾವು ನೆಟ್ಟು, ಬಗ್ಗಿಸಿ, ತೀಡಿ ಕೂರಿಸುತ್ತೇವೆ. ಉಳಿದವು ದೊಡ್ಡಕ್ಕನ ಹಿಂದೆ ಹೋಗುವ ಚಿಕ್ಕಮಕ್ಕಳ ಹಾಗೆ ಅವುಗಳನ್ನು ಅನುಸರಿಸುತ್ತವೆ. ಬೊಂಬೆ ತಲೆ ತಿರುಗಿಸಿದರೆ, ಗಾಳಿ ಬೀಸಿದರೆ ಯಾವ ಎಳೆ ಎಲ್ಲಿಗೆ ಹೋಗಬೇಕೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

ಈ ಸಲದ ನಾಯಕಿ ದೋಣಿ ನಡೆಸುವ ಹೆಂಗಸು. ಐವತ್ತರ ಹತ್ತಿರದ ವಯಸ್ಸು, ತಲೆ ತುಂಬ ಗುಂಗುರು ಕೂದಲು. ನೆಟ್ಟನೆಯ ಕೂದಲು ನನಗೆ ನೀರು ಕುಡಿದಷ್ಟು ಸುಲಭ. ಗುಂಗುರು ಮಾತ್ರ ಕೈಗೆ ಬರುತ್ತಿಲ್ಲ. ಮೊದಲನೆಯದು ಪಾತ್ರೆ ತಿಕ್ಕುವ ನಾರಿನ ಹಾಗೆ ಬಂತು. ಎರಡನೆಯದು ಹಳೆಯ ಟೆಲಿಫೋನಿನ ವೈರು. ಮೂರನೆಯದನ್ನು ನೋಡಿ ನಮ್ಮ ಮುಖ್ಯಸ್ಥೆ (ಬೆನ್ನ ಹಿಂದೆ ನಾವು ಅವರನ್ನು ಬಾಚಣಿಗೆ ಅನ್ನುತ್ತೇವೆ) "ಇದು ತಲೆನಾ, ಸ್ಪ್ರಿಂಗ್ ಅಂಗಡಿನಾ?" ಎಂದು ಕೇಳಿದರು. ಏಪ್ರಿಲ್ ಕೊನೆಯೊಳಗೆ ಆಗದಿದ್ದರೆ ದೋಣಿಯವಳ ತಲೆಗೆ ಇಡೀ ಚಿತ್ರದಲ್ಲಿ ಬಟ್ಟೆ ಕಟ್ಟಿಬಿಡುತ್ತಾರಂತೆ. ಆಮೇಲೆ ನನಗೆ ದೋಣಿಯ ಹಗ್ಗ ಮಾಡುವ ಕೆಲಸ.

ಪುಸ್ತಕ, ಫೋಟೋ, ಬೇರೆಯವರ ಚಿತ್ರ ಎಲ್ಲ ತಡಕಾಡಿದ ಮೇಲೆ ಮೊನ್ನೆ ಸ್ನಾನ ಮಾಡುವಾಗ ನಿಮ್ಮ ನೆನಪಾಯಿತು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ಅಪ್ಪ ನಿಮ್ಮನ್ನು ಮದುವೆಯಾಗಿ ಕರೆತಂದಾಗ ನನಗೆ ಒಂಬತ್ತು ವರ್ಷ. ಅಲ್ಲಿಂದ ಇಲ್ಲಿಯವರೆಗೆ ನಾನು ಕಂಡಿದ್ದು ನಿಮ್ಮ ತುರುಬನ್ನು ಮಾತ್ರ. ಬಿಚ್ಚಿದ್ದನ್ನು ಸರಿಯಾಗಿ ನೋಡಿಯೇ ಇಲ್ಲ.

ಯಾರಿಂದಾದರೂ ಒಂದು ವೀಡಿಯೋ ತೆಗೆಸಿ ಕಳಿಸುತ್ತೀರಾ? ತಲೆ ಒಣಗಿದ ಮೇಲೆ, ನಿಂತು, ನಡೆದು, ಕತ್ತು ತಿರುಗಿಸಿ. ಹಾಗೆಯೇ ಬಾಚುವಾಗ ಉದುರಿದ ಕೆಲವು ಎಳೆಗಳನ್ನು ಕಾಗದದಲ್ಲಿ ಸುತ್ತಿ ಅಂಚೆಯಲ್ಲಿ ಹಾಕಿ. ಕತ್ತರಿಸುವುದು ಬೇಡ.

ತೊಂದರೆಯಾದರೆ ಬಿಟ್ಟುಬಿಡಿ.

ಚೋಟು


ಜನವರಿ ೨೩

ಚೋಟು,

ಈ ಕಾಲದಲ್ಲಿ ಪತ್ರ ಬರೆಯುವವರು ವಕೀಲರು ಮಾತ್ರ. ಲಕೋಟೆ ನೋಡಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ಬೆಳಗಿನ ಪಾಠ ಮುಗಿಯಲಿ ಎಂದು ಕಾರಿನಲ್ಲೇ ಇಟ್ಟುಕೊಂಡಿದ್ದೆ. ಈಗ ಡ್ರೈವಿಂಗ್ ಕಲಿಯಲು ಬರುತ್ತಿರುವವರು ಒಬ್ಬ ಬ್ಯಾಂಕ್ ಮ್ಯಾನೇಜರ್. ಹಸಿರು ದೀಪ ಬಂದರೂ ಹೊರಡುವುದಿಲ್ಲ. "ಹೊರಡಿ ಸರ್" ಅಂದರೆ "ಅಷ್ಟರಲ್ಲಿ ಕೆಂಪು ಬಂದ್ರೆ ಮೇಡಂ?" ಅನ್ನುತ್ತಾರೆ. ಕೆಂಪು ಬಂದ ಮೇಲೆ ಹೊರಟರು. ನಿನ್ನ ಪತ್ರ ಓದುವ ಮೊದಲೇ ಒಂದು ಬಸ್ಸಿನಿಂದ ಕೂದಲೆಳೆಯಲ್ಲಿ ಪಾರಾದೆ. ಇಳಿದ ಮೇಲೆ ಕ್ಲಚ್ ಸರಿಯಿಲ್ಲ ಅಂದರು. ಕುಣಿಯಲಾರದವಳಿಗೆ ನೆಲ ಡೊಂಕು.

ನಿನ್ನ ಬೇಡಿಕೆ ಓದಿ ಮೊದಲು ನಕ್ಕೆ, ಆಮೇಲೆ ಕನ್ನಡಿಯ ಮುಂದೆ ಹೋಗಿ ನಿಂತೆ. ನಿಜ ಹೇಳಬೇಕೆಂದರೆ ಖುಷಿಯಾಯಿತು. ಈ ತಲೆಯಿಂದ ಸಿನಿಮಾಕ್ಕೆ ಉಪಯೋಗವಾಗುತ್ತದೆಂದು ಯಾವ ಜ್ಯೋತಿಷಿಯೂ ಹೇಳಿರಲಿಲ್ಲ.

ವೀಡಿಯೋ ತೆಗೆದವಳು ಎದುರು ಮನೆಯ ಟೈಲರ್. ತಾರಸಿಯ ಮೇಲೆ ಒಣಗಲು ಹಾಕಿದ ಬಟ್ಟೆಗಳನ್ನೆಲ್ಲ ಸರಿಸಿ ನನ್ನನ್ನು ಗೋಡೆಯ ಪಕ್ಕ ನಿಲ್ಲಿಸಿದಳು. ನಾನು ಪಿನ್ನು ತೆಗೆದೆ. ನನ್ನ ಕೂದಲು ಬಿಚ್ಚಿದರೆ ಕೆಳಗೆ ಬೀಳುವುದಿಲ್ಲ, ಅಗಲಕ್ಕೆ ಹೋಗುತ್ತದೆ. ಅವಳು ಫೋನು ಹಿಡಿದವಳು ಹಾಗೇ ನಿಂತುಬಿಟ್ಟಳು. "ಏನ್ರೀ ಇದು? ಇಷ್ಟು ವರ್ಷ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ರಿ?" ಅಂದಳು. ಆಮೇಲೆ ನನಗೆ ನಡೆ, ನಿಲ್ಲು, ತಿರುಗು ಎಂದು ಅಪ್ಪಣೆ ಮಾಡಿದ್ದೇ ಮಾಡಿದ್ದು. ಕಾರಿನಲ್ಲಿ ನಾನು ಮಾಡುವುದನ್ನೆಲ್ಲ ನನಗೇ ತಿರುಗಿಸಿದಳು.

ಎಳೆಗಳನ್ನು ಒಳಗೆ ಇಟ್ಟಿದ್ದೇನೆ. ಬಿಳಿಯವೂ ಇವೆ. ಬಣ್ಣ ಹಚ್ಚಿ ಕಳಿಸಲಿಲ್ಲ, ಬೇಕಾದರೆ ನೀನೇ ಹಚ್ಚಿಕೋ.

ಇನ್ನೊಂದು ಮಾತು. ಈ ಬಾಡಿಗೆ ಮನೆ ಬಿಡಬೇಕೆಂದಿದ್ದೇನೆ. ಡ್ರೈವಿಂಗ್ ಸ್ಕೂಲಿನ ಮೇಲೆ ಒಂದು ಕೋಣೆ ಖಾಲಿಯಾಗಿದೆ. ನನ್ನೊಬ್ಬಳಿಗೆ ಸಾಕು. ನಿನ್ನ ಕೋಣೆಯ ಮಂಚ, ಮೇಜು, ಪುಸ್ತಕದ ಡಬ್ಬಗಳನ್ನು ಏನು ಮಾಡಲಿ ಹೇಳು.

ಚಿಕ್ಕಮ್ಮ


ಫೆಬ್ರವರಿ ೪

ಚಿಕ್ಕಮ್ಮನಿಗೆ,

ವೀಡಿಯೋವನ್ನು ಎಷ್ಟು ಸಲ ನೋಡಿದೆನೋ ನನಗೇ ಗೊತ್ತಿಲ್ಲ. ನಮ್ಮ ವಿಭಾಗದವರೆಲ್ಲ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ನೀವು ಕತ್ತು ತಿರುಗಿಸಿದಾಗ ಕೂದಲು ತಕ್ಷಣ ತಿರುಗುವುದಿಲ್ಲ, ಒಂದು ಗಳಿಗೆ ಯೋಚನೆ ಮಾಡಿ ಹಿಂದೆ ಬರುತ್ತದೆ. ನಿಂತ ಮೇಲೂ ತುದಿಗಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಹರಟುತ್ತಿರುತ್ತವೆ. ಇನ್ನೊಂದನ್ನು ಗಮನಿಸಿದೆ. ಬುಡದ ಹತ್ತಿರ ಸುರುಳಿ ಸಡಿಲ, ತುದಿಗೆ ಬಂದಂತೆ ಬಿಗಿ. ನಾನು ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆಯ ಸುರುಳಿ ಹಾಕುತ್ತಿದ್ದೆ, ಅದಕ್ಕೇ ಸ್ಪ್ರಿಂಗ್ ಅಂಗಡಿಯಾಗಿತ್ತು.

ಈಗ ನಿಮ್ಮ ತಲೆಯಲ್ಲಿ ಹೇಗಿದೆಯೋ ಹಾಗೇ ಎಳೆ ಎಳೆಯಾಗಿ ನೆಡುತ್ತಿದ್ದೇನೆ. ಬಲಗಿವಿಯ ಮೇಲೆ ಒಂದು ಗೊಂಚಲು ಯಾರ ಮಾತನ್ನೂ ಕೇಳದೆ ಹೊರಗೆ ಚಾಚುತ್ತದಲ್ಲ, ಅದನ್ನೂ ಬಿಟ್ಟಿಲ್ಲ. ಬಿಳಿ ಎಳೆಗಳು ಕಪ್ಪಿಗಿಂತ ಒರಟು, ಅವಕ್ಕೆ ಬೇರೆ ಹೊಳಪು ಕೊಟ್ಟೆ. ಚಿತ್ರ ನಿಂತಿರುವಾಗ ನೋಡಿದರೆ ದೋಣಿಯವಳು ಈಗಲೇ ತಿರುಗಿ "ಟಿಕೆಟ್ ತಗೊಂಡ್ಯಾ?" ಎಂದು ಕೇಳುವಂತಿದ್ದಾಳೆ. ಬಾಚಣಿಗೆ ಮೊದಲ ಸಲ "ಹ್ಞೂಂ" ಅಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ನೀವು ಕಳಿಸಿದ ಎಳೆಗಳನ್ನು ಇನ್ನೂ ಬಿಚ್ಚಿಲ್ಲ. ವೀಡಿಯೋ ಇಷ್ಟು ಚೆನ್ನಾಗಿರುವಾಗ ಬೇಕಾಗಲಿಕ್ಕಿಲ್ಲ.

ಮನೆಯ ವಿಷಯ ನಿಮ್ಮ ಇಷ್ಟ. ನಿಮಗೆ ಅನುಕೂಲವಾಗುವ ಹಾಗೆ ಮಾಡಿ. ನನ್ನ ಸಾಮಾನನ್ನು ಯಾರಿಗಾದರೂ ಕೊಟ್ಟುಬಿಡಿ. ನನ್ನಿಂದ ನಿಮಗೆ ತೊಂದರೆಯಾಗುವುದು ಬೇಡ.

ಚೋಟು


ಫೆಬ್ರವರಿ ೧೫

ಚೋಟು,

ಪತ್ರ ತಲುಪಿತು. ಮನೆ ಮಾಲೀಕರಿಗೆ ಹೇಳಿದ್ದೇನೆ. ಮೇ ಕೊನೆಗೆ ಬಿಡುತ್ತೇನೆ. ಸಾಮಾನಿನ ಬಗ್ಗೆ ನೀನು ಹೇಳಿದ ಹಾಗೆ ಮಾಡುತ್ತೇನೆ.

ಕೆಲಸ ಚೆನ್ನಾಗಿ ನಡೆಯಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಚಿಕ್ಕಮ್ಮ


ಮಾರ್ಚ್ ೧೧

ಚಿಕ್ಕಮ್ಮನಿಗೆ,

ನಿಮ್ಮ ಚಿಕ್ಕ ಪತ್ರ ಬಂದ ಮೇಲೆ ಬಹಳ ದಿನ ಏನೂ ಬರೆಯಲಾಗಲಿಲ್ಲ. ಇಲ್ಲಿಯೂ ನನ್ನ ಗ್ರಹಚಾರ ನೆಟ್ಟಗಿರಲಿಲ್ಲ. ಹಿಂದಿನ ಪತ್ರದಲ್ಲಿ ಜಂಭ ಕೊಚ್ಚಿಕೊಂಡಿದ್ದೆನಲ್ಲ, ಅದರ ಮುಂದಿನ ಕಥೆ ಕೇಳಿ.

ಚಿತ್ರ ನಿಂತಿದ್ದಾಗ ಎಲ್ಲ ಸರಿಯಿತ್ತು. ಇನ್ನು ಚಲನೆ. ಗಾಳಿ ಹಾಕಿರಲಿಲ್ಲ, ದೋಣಿಯವಳು ತಲೆಯನ್ನೂ ಅಲ್ಲಾಡಿಸಿರಲಿಲ್ಲ. ಕಂಪ್ಯೂಟರಿಗೆ "ನಡಿ" ಅಂದ ತಕ್ಷಣ ಅಷ್ಟೂ ಗುಂಗುರು ಬಿಚ್ಚಿಕೊಂಡು ಮಳೆಯಲ್ಲಿ ನೆಂದ ಹಾಗೆ ಜೋಲುಬಿತ್ತು. ನಿಮ್ಮ ಕೂದಲು ನನ್ನ ಕಣ್ಣೆದುರಿಗೇ ಸತ್ತುಹೋಯಿತು. ಎಳೆಗಳನ್ನು ಬಿಗಿ ಮಾಡಿದೆ, ತಂತಿಯಾಯಿತು. ಸಡಿಲ ಮಾಡಿದೆ, ಮತ್ತೆ ಜೋಲು. ಎರಡು ವಾರ ಇದೇ ಹಾಡು. ಒಂದು ದಿನ ಬಾಚಣಿಗೆ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು.

"ಈ ಆಕಾರ ಎಲ್ಲಿಂದ ತಗೊಂಡೆ?"

"ವೀಡಿಯೋದಿಂದ. ಹೇಗಿದೆಯೋ ಹಾಗೇ."

"ವೀಡಿಯೋದಲ್ಲಿ ಅವರ ಕೂದಲು ತಲೆಯಿಂದ ಇಳಿಬಿದ್ದಿದೆ ಅಲ್ವಾ? ಅಂದ್ರೆ ಆಗಲೇ ತನ್ನ ತೂಕ ಹೊತ್ಕೊಂಡು ಬಗ್ಗಿದೆ. ನೀನು ಅದನ್ನೇ ಅದರ ಹುಟ್ಟು ಆಕಾರ ಅಂತ ಕಂಪ್ಯೂಟರಿಗೆ ಹೇಳಿದೀಯ. ಅದು ಪಾಪ ಇನ್ನೊಂದು ಸಲ ತೂಕ ಹೇರಿದೆ."

ಗಾಯದ ಮೇಲೆ ಬರೆ! ನೆಟ್ಟನೆಯ ಕೂದಲಿಗೆ ಎರಡು ಸಲ ತೂಕ ಹಾಕಿದರೂ ಅದು ನೆಟ್ಟಗೇ ಇರುತ್ತದೆ. ಅದಕ್ಕೇ ಇಷ್ಟು ವರ್ಷ ನನ್ನ ತಪ್ಪು ಗೊತ್ತಾಗಿರಲಿಲ್ಲ.

ಹಾಗಾದರೆ ತೂಕವೇ ಇಲ್ಲದಿದ್ದರೆ ಈ ಕೂದಲು ಹೇಗಿರುತ್ತಿತ್ತು? ಅದು ತಿಳಿಯಬೇಕಿತ್ತು. ಹಿಂದಕ್ಕೆ ಲೆಕ್ಕ ಹಾಕುವ ಒಂದು ಪ್ರೋಗ್ರಾಂ ಇದೆ, ಆದರೆ ಇಷ್ಟು ಗುಂಗುರಿಗೆ ಅದು ಬಾಯಿಗೆ ಬಂದದ್ದು ಹೇಳಿತು. ಆಗ ನಿಮ್ಮ ಕಾಗದದ ಪೊಟ್ಟಣ ನೆನಪಾಯಿತು. ಕಪ್ಪು ಎಳೆಗಳಿಗೆ ಬಿಳಿ ಹಾಳೆ, ಬಿಳಿ ಎಳೆಗಳಿಗೆ ಕಪ್ಪು ಹಾಳೆ ಹಾಸಿದೆ. ಒಂದು ಎಳೆಯನ್ನು ಬೆರಳಲ್ಲಿ ಎತ್ತಿ ಹಿಡಿದರೆ ವೀಡಿಯೋದಲ್ಲಿದ್ದಂತೆಯೇ ಇತ್ತು, ಮೇಲೆ ಸಡಿಲ, ಕೆಳಗೆ ಬಿಗಿ. ಮೆಲ್ಲಗೆ ಹಾಳೆಯ ಮೇಲೆ ಇಟ್ಟೆ. ನಾನು ನೋಡುತ್ತಿದ್ದಂತೆಯೇ ಅದು ತನ್ನನ್ನು ತಾನೇ ಒಳಗೆಳೆದುಕೊಂಡು ಅರ್ಧಕ್ಕರ್ಧ ಗಿಡ್ಡವಾಯಿತು. ಈ ತುದಿಯಿಂದ ಆ ತುದಿಗೆ ಒಂದೇ ಸಮನಾದ ಸುರುಳಿ! ಮೇಜಿನ ಮೇಲೆ ಮಲಗಿದ ಎಳೆಗೆ ಹೊರುವ ಕೆಲಸ ಇರಲಿಲ್ಲ. ನನಗೆ ಬೇಕಾಗಿದ್ದು ಅದೇ.

ಆ ಆಕಾರವನ್ನು ದೋಣಿಯವಳ ತಲೆಗೆ ಹಾಕಿದರೆ ಕೂದಲೆಲ್ಲ ಉಂಡೆಗಟ್ಟಿ ಬೆದರಿದ ಬೆಕ್ಕಿನ ಬಾಲದಂತಾಯಿತು. ಇಡೀ ವಿಭಾಗ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಆಮೇಲೆ ತೂಕ ಕೊಟ್ಟೆ. ಕೂದಲು ಇಳಿಯಿತು, ಪುಟಿಯಿತು, ಭುಜದ ಮೇಲೆ ಬಂದು ಕೂತಿತು. ಆಗ ಯಾರೂ ನಗಲಿಲ್ಲ. ನೀವೇ ಬಂದು ನಿಂತಿದ್ದಿರಿ.

ಅವತ್ತಿನಿಂದ ಒಂದು ಯೋಚನೆ ತಲೆ ಕೊರೆಯುತ್ತಿದೆ. ನಾನು ನಿಮ್ಮನ್ನು ಕಂಡಿದ್ದೇ ನಮ್ಮ ಮನೆಗೆ ಬಂದ ಮೇಲೆ. ಅಪ್ಪ, ಅಪ್ಪನ ಕಾಯಿಲೆ, ನಾನು, ಎಲ್ಲ ನಿಮ್ಮ ತಲೆಯ ಮೇಲೆ ಬಿದ್ದ ಮೇಲೆ. ನಿಮ್ಮ ಬಿಗಿ ತುರುಬು, ಕಡಿಮೆ ಮಾತು, ಇದೇ ನಿಮ್ಮ ಹುಟ್ಟು ಸ್ವಭಾವ ಅಂದುಕೊಂಡೆ. ಅದಕ್ಕೂ ಮುಂಚೆ ಹೇಗಿದ್ದಿರಿ? ಕೂದಲು ಬಿಚ್ಚಿಕೊಂಡು ಓಡಾಡುತ್ತಿದ್ದಿರಾ? ನಮ್ಮ ಮನೆಯಲ್ಲಿ ಅದನ್ನು ಯಾರು ಕಟ್ಟಿಸಿದರು? ಈಗ ಒಂದು ಕೋಣೆಗೆ ಹೋಗಿ ಹಗುರವಾಗಿ ಇರಬೇಕೆಂದು ನಿಮಗೆ ಅನ್ನಿಸಿದರೆ ಬೇಡ ಅನ್ನಲು ನಾನು ಯಾರು?

ಚೋಟು


ಮಾರ್ಚ್ ೨೯

ಚೋಟು,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಅಳು ಬಂತು. ಆಮೇಲೆ ಬ್ಯಾಂಕ್ ಮ್ಯಾನೇಜರ್ ಬಂದರು. ಅವರ ಪಾಠ ಮುಗಿಸಿ ಈಗ ಕೂತಿದ್ದೇನೆ.

ಕೇಳಿದೆಯಲ್ಲ, ಹೇಳುತ್ತೇನೆ. ನಿಮ್ಮಪ್ಪನನ್ನು ಕಾಣುವ ಮುಂಚೆ ನಾನು ಬೇಕರಿಯ ಬ್ರೆಡ್ ವ್ಯಾನ್ ಓಡಿಸುತ್ತಿದ್ದೆ. ಬೆಳಗ್ಗೆ ಬಿಸಿ ಬ್ರೆಡ್ಡಿನ ವಾಸನೆ, ಎರಡೂ ಕಿಟಕಿ ತೆರೆದದ್ದು, ಕೂದಲು ಬಿಚ್ಚಿದ್ದು. ಅಂಗಡಿಯವರು ದೂರದಿಂದಲೇ "ಬಂತು ಬಂತು ಪೊದೆ ಬಂತು" ಅನ್ನುತ್ತಿದ್ದರು. ನಾನೂ ಅವರಿಗೆ ಬಿಟ್ಟುಕೊಡುತ್ತಿರಲಿಲ್ಲ. ಬಾಯಿ ಬಹಳ ಇತ್ತು ನನಗೆ. ಆಮೇಲೆ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಅಲ್ಲಿಗೆ ಒಬ್ಬ ಲೆಕ್ಕದ ಮೇಷ್ಟ್ರು ಕಲಿಯಲು ಬಂದರು. ಹೆಂಡತಿ ತೀರಿಕೊಂಡಿದ್ದರು, ಮಗಳನ್ನು ಶಾಲೆಗೆ ಬಿಡಲು ಕಾರು ಕಲಿಯಬೇಕಿತ್ತು. ತಿರುವಿನಲ್ಲಿ ಸ್ಟೀರಿಂಗ್ ಬಿಟ್ಟು ಕೋನ ಎಷ್ಟು ಎಂದು ಯೋಚಿಸುವ ಮನುಷ್ಯ! ಪರೀಕ್ಷೆಯಲ್ಲಿ ಫೇಲಾಗಿ, ಮತ್ತೆ ಫೇಲಾಗಿ, ಕೊನೆಗೆ ಕಲಿಸುವವಳನ್ನೇ ಮದುವೆಯಾದರು. ಮಗಳನ್ನು ಶಾಲೆಗೆ ಬಿಡುವ ಕೆಲಸವಂತೂ ಆಯಿತು.

ಇನ್ನು ಕೂದಲು ಯಾರು ಕಟ್ಟಿಸಿದರು ಎಂದೆ. ನೀನೇ.

ಗಾಬರಿಯಾಗಬೇಡ. ನಾನು ಬಂದ ಹೊಸದರಲ್ಲಿ ನಿನಗೆ ಜ್ವರ ಬಂತು. ಅಲ್ಲಿಯವರೆಗೆ ನನ್ನ ಹತ್ತಿರ ಸುಳಿಯದವಳು ಅವತ್ತು ತಲೆದಿಂಬು ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ಮಲಗಿದೆ. ನನಗೆ ಉಸಿರಾಡಲೂ ಭಯ, ಎಲ್ಲಿ ಎದ್ದು ಹೋಗುತ್ತೀಯೋ ಎಂದು. ನನ್ನ ಕೂದಲು ನಿನ್ನ ಮೂಗಿಗೆ ತಾಗಿ ನಿನಗೆ ಒಂದರ ಮೇಲೊಂದು ಸೀನು. ನೀನು ಏಳುವ ಮೊದಲೇ ಕೂತು ಗಟ್ಟಿಯಾಗಿ ತುರುಬು ಕಟ್ಟಿಕೊಂಡೆ. ನೀನು ಮಗ್ಗುಲು ಬದಲಿಸಿ ನನ್ನ ಕಡೆಗೇ ತಿರುಗಿ ಮಲಗಿದೆ. ಅದೇ ಅಭ್ಯಾಸವಾಯಿತು. ನೀನು ದೊಡ್ಡವಳಾಗಿ ನಿನ್ನ ಕೋಣೆಗೆ ಹೋದ ಮೇಲೂ ಕಟ್ಟಿಕೊಳ್ಳುತ್ತಿದ್ದೆ, ಎಂದಾದರೂ ಬಂದರೆ ಇರಲಿ ಎಂದು.

ಭಾರ ಅಂತೆ ಭಾರ! ನಿನಗೆ ಯಾರು ಹೇಳಿದರು? ಯಾರೂ ನನ್ನ ಮೇಲೆ ಹೊರಿಸಲಿಲ್ಲ, ನಾನೇ ಎತ್ತಿಕೊಂಡಿದ್ದು. ನಿನ್ನ ಪತ್ರದಲ್ಲೇ ಇದೆ ನೋಡು. ತೂಕ ತೆಗೆದಾಗ ಆ ಹೆಂಗಸು ಬೆದರಿದ ಬೆಕ್ಕಿನ ಬಾಲವಾದಳು, ಎಲ್ಲರೂ ನಕ್ಕರು. ತೂಕ ಕೊಟ್ಟ ಮೇಲೆ ಮನುಷ್ಯಳಾದಳು. ಅಷ್ಟು ಓದಿದವಳು ನೀನೇ ಬರೆದು ನೀನೇ ಮರೆತೆಯಾ? ಈ ಒಂದು ವರ್ಷ ನಾನು ಬಹಳ ಹಗುರವಾಗಿದ್ದೇನೆ ಚೋಟು. ಬೆಳಗ್ಗೆ ಎದ್ದರೆ ಯಾರನ್ನೂ ಎಬ್ಬಿಸುವಂತಿಲ್ಲ, ಯಾರಿಗೂ ಗದರುವಂತಿಲ್ಲ. ಈ ಹಗುರ ನನಗೆ ಬೇಡವಾಗಿದೆ.

ನಿಮ್ಮಪ್ಪ ಹೋದ ಮೇಲೆ ನೀನು ಹತ್ತು ದಿನ ಇದ್ದು ಹೋದವಳು ಮತ್ತೆ ಬರಲಿಲ್ಲ. ಬರಲು ನನ್ನ ಹತ್ತಿರ ನಿನಗೇನು ಇದೆ ಎಂದು ಯೋಚಿಸಿದೆ. ಹೆತ್ತವಳಲ್ಲ. ಸಂಬಂಧ ಕಟ್ಟಿದವರು ಹೋದರು. ನೀನು ಬರದ ಕೋಣೆಯನ್ನು ದಿನಾ ಗುಡಿಸುವುದು ನನ್ನಿಂದಾಗುತ್ತಿಲ್ಲ. ಅದಕ್ಕೆ ಮನೆ ಬಿಡುತ್ತೇನೆ ಅಂದೆ. ನೀನು ಬೇಡ ಅನ್ನುತ್ತೀಯೇನೋ ಎಂದು ಕಾದೆ. ನೀನು ಕಡ್ಡಿ ತುಂಡು ಮಾಡಿದ ಹಾಗೆ "ಯಾರಿಗಾದರೂ ಕೊಟ್ಟುಬಿಡಿ" ಎಂದು ಬರೆದೆ.

ನಿನ್ನ ಮಂಚವನ್ನು ಯಾರಿಗೂ ಕೊಟ್ಟಿಲ್ಲ. ನೀನು ಹೇಳಿದ ಹಾಗೆ ಮಾಡುತ್ತೇನೆ ಎಂದು ಬರೆದದ್ದು ಸುಳ್ಳು.

ನೀನು ಬರುವವಳೋ ಅಲ್ಲವೋ, ಅದೊಂದನ್ನು ಹೇಳು. ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ.

ಚಿಕ್ಕಮ್ಮ


ಏಪ್ರಿಲ್ ೬

ಚಿಕ್ಕಮ್ಮ,

ಸ್ಟುಡಿಯೋದಲ್ಲಿ ಓದಬಾರದಿತ್ತು, ಓದಿಬಿಟ್ಟೆ. ಪಕ್ಕದಲ್ಲಿ ಕೂರುವ ಬಟ್ಟೆ ವಿಭಾಗದವನು ಏನಾಯ್ತು ಎಂದು ಕೇಳಿದ. ಸೀನು ಅಂದೆ.

ನಾನು ಯಾಕೆ ಬರಲಿಲ್ಲ ಗೊತ್ತಾ? ಆ ಹತ್ತು ದಿನ ನೀವು ನನ್ನ ಹಾಸಿಗೆಗೆ ಹೊಸ ಹೊದಿಕೆ ಹಾಸಿದ್ದಿರಿ. ಮಡಿಕೆ ಬಿಚ್ಚದ ಹೊಸ ಟವೆಲು ಇಟ್ಟಿದ್ದಿರಿ. ತಟ್ಟೆ ತೊಳೆಯಲು ಹೋದರೆ "ನೀನು ಬಿಡು, ಕೂತ್ಕೋ" ಅಂದಿರಿ. ಮೊದಲೆಲ್ಲ ತಟ್ಟೆ ಎತ್ತದಿದ್ದರೆ ಬೈಯುತ್ತಿದ್ದವರು! ನಾನು ಈ ಮನೆಗೆ ನೆಂಟಳಾಗಿಬಿಟ್ಟೆ ಅನ್ನಿಸಿತು. ನೆಂಟರು ಕರೆಯದೆ ಬರಬಾರದಲ್ಲ. ನೀವು ಕರೆಯುತ್ತೀರೇನೋ ಎಂದು ನಾನೂ ಕಾದೆ. ನೀವು ಊಟ ಆಯ್ತಾ ಅನ್ನುತ್ತಿದ್ದಿರಿ.

ಮನೆ ಬಿಡುವ ಸುದ್ದಿ ಬಂದಾಗ ನನ್ನಿಂದ ಕೈ ತೊಳೆದುಕೊಳ್ಳುತ್ತಿದ್ದೀರಿ ಅಂದುಕೊಂಡೆ. ಅಳುತ್ತಲೇ "ನಿಮ್ಮ ಇಷ್ಟ" ಎಂದು ಬರೆದೆ. ದೋಣಿಯವಳ ವಿಷಯದಲ್ಲಿ ಮಾಡಿದ್ದನ್ನೇ ನಿಮ್ಮ ವಿಷಯದಲ್ಲೂ ಮಾಡಿದೆ. ಮೇಲಿಂದ ಕಂಡಿದ್ದನ್ನೇ ನಿಜ ಅಂದುಕೊಂಡೆ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬೈಯುವುದು ಬಾಕಿ ಇದ್ದರೆ ಎದುರಿಗೇ ಬೈಯಿರಿ.

ಚೋಟು


ಮೇ ೨

ಚಿಕ್ಕಮ್ಮ,

ಪಾಸಾದೆ! ನಿರ್ದೇಶಕರು ದೊಡ್ಡ ಪರದೆಯ ಮೇಲೆ ನೋಡಿದರು. ದೋಣಿ ದಡಕ್ಕೆ ಬರುತ್ತದೆ, ಗಾಳಿ ನಿಲ್ಲುತ್ತದೆ, ಹಾರುತ್ತಿದ್ದ ಕೂದಲು ಸ್ವಲ್ಪ ಸ್ವಲ್ಪವಾಗಿ ಇಳಿದು ಅವಳ ಬೆನ್ನಿನ ಮೇಲೆ ಕೂರುತ್ತದೆ. ಅಷ್ಟೇ ದೃಶ್ಯ. ಮಾತಿಲ್ಲ. ಅವರು ಇನ್ನೊಂದು ಸಲ ಹಾಕಿಸಿದರು. "ಇದು ಯಾರದೋ ನಿಜವಾದ ತಲೆ. ಯಾರದ್ದು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಬಾಚಣಿಗೆ "ಇವಳ ಚಿಕ್ಕಮ್ಮಂದು. ಡ್ರೈವಿಂಗ್ ಕಲಿಸ್ತಾರೆ" ಅಂದರು. ನಿರ್ದೇಶಕರು "ಹಾಗಾದ್ರೆ ದೋಣಿನೂ ಚೆನ್ನಾಗೇ ನಡೆಸ್ತಾರೆ ಬಿಡಿ" ಅಂದರು. ತಲೆಬಟ್ಟೆ ರದ್ದಾಯಿತು. ಹಗ್ಗ ಮಾಡುವ ಕೆಲಸವೂ ತಪ್ಪಿತು.

ಕಳೆದ ತಿಂಗಳು ನಿಮ್ಮ ಹತ್ತಿರದಿಂದ ವಾಪಸು ಬಂದ ಮೇಲೆ ಎರಡು ದಿನ ಕೈಯೇ ಓಡಲಿಲ್ಲ. ಅಪ್ಪನ ಕಪಾಟನ್ನು ನಾವಿಬ್ಬರೂ ಸೇರಿ ಖಾಲಿ ಮಾಡಿದೆವಲ್ಲ, ಅದು ಒಳ್ಳೆಯದೇ ಆಯಿತು. ಹೊಸ ಬಾಡಿಗೆಯವರು ಕಿಟಕಿಯ ಅಳತೆಗೆ ಬಂದಾಗ ನೀವು ಪರದೆ ಕಳಚಲು ಬಿಡದೆ ನಿಂತಿದ್ದು ನೆನಪಾದರೆ ಈಗಲೂ ನಗು ಬರುತ್ತದೆ. ನೀವು ಬೇಗ ಹೇಳಿದ್ದರೆ, ನಾನು ಬೇಗ ಕೇಳಿದ್ದರೆ ಆ ಮನೆ ಉಳಿಯುತ್ತಿತ್ತು. ಇರಲಿ. ಮಾಲೀಕರು ಅವರಿಗೆ ಮಾತು ಕೊಟ್ಟಾಗಿದೆ.

ಸ್ಕೂಲಿನ ಮೇಲಿನ ಕೋಣೆ ನನಗೂ ಇಷ್ಟವಾಯಿತು. ಸುಳ್ಳಲ್ಲ. ಚಿಕ್ಕದಾದರೂ ಬೆಳಕಿದೆ. ನಾನು ಬಂದಾಗ ನೆಲದ ಮೇಲೆ ಹಾಸಿಕೊಂಡರಾಯಿತು. ಮಂಚವನ್ನು ಟೈಲರಕ್ಕನಿಗೆ ಕೊಡಿ, ಈ ಸಲ ನಿಜವಾಗಿಯೂ ಹೇಳುತ್ತಿದ್ದೇನೆ, ಮನಸ್ಸಿಗೆ ನೋವಿಲ್ಲ. ನೀವು ಎಲ್ಲಿರುತ್ತೀರೋ ಅಲ್ಲಿಗೆ ಬರುತ್ತೇನೆ.

ಚೋಟು


ಮೇ ೩೦

ಚೋಟು,

ನಿನ್ನ ಪತ್ರವನ್ನು ಟೈಲರ್‌ಗೆ ಓದಿ ಹೇಳಿದೆ. ವೀಡಿಯೋ ತೆಗೆದವಳು ತಾನು, ತನ್ನ ಹೆಸರೂ ಸಿನಿಮಾದಲ್ಲಿ ಬರಬೇಕೆಂದು ಹಟ ಹಿಡಿದಿದ್ದಾಳೆ. ನಿಮ್ಮ ಬಾಚಣಿಗೆಯವರಿಗೆ ತಿಳಿಸು.

ಬ್ಯಾಂಕ್ ಮ್ಯಾನೇಜರ್ ಪರೀಕ್ಷೆ ಪಾಸಾದರು. ಊರಿನವರೆಲ್ಲ ಜೋಪಾನವಾಗಿರಬೇಕು.

ಮಂಚವನ್ನು ಟೈಲರ್‌ಗೆ ಕೊಡಲಿಲ್ಲ. ನೆಲದ ಮೇಲೆ ಹಾಸಿಕೊಳ್ಳುತ್ತೇನೆ ಎಂದು ನೀನು ಬರೆದದ್ದು ನನಗೆ ಸರಿಬರಲಿಲ್ಲ. ಸ್ಕೂಲಿನ ಮೇಲಿನ ಕೋಣೆ ಬೇಡ ಅಂದೆ. ಮನೆ ತೋರಿಸುವ ಬ್ರೋಕರ್ ಹತ್ತಿರ ಹೋದೆ. ಅವನು ವಿವರ ಬರೆದುಕೊಳ್ಳುತ್ತ ಕೂತಿದ್ದ.

"ಎಷ್ಟು ರೂಮು ಬೇಕಮ್ಮ?"

"ಎರಡು."

"ಎಷ್ಟು ಜನ ಇರ್ತೀರಿ?"

"ಇಬ್ಬರು. ನಾನು, ನನ್ನ ಮಗಳು."

"ಮಗಳು ಏನು ಓದ್ತಾಳೆ?"

"ಓದಿ ಮುಗೀತು. ಬೇರೆ ಊರಲ್ಲಿ ಕೆಲಸ ಮಾಡ್ತಾಳೆ."

ಅವನು ಪೆನ್ನು ನಿಲ್ಲಿಸಿದ. "ಹಾಗಾದ್ರೆ ಇರೋದು ನೀವೊಬ್ಬರೇ ಅಲ್ವಾ? ಒಬ್ಬರಿಗೆ ಒಂದು ರೂಮು ಸಾಕಲ್ವಾ? ಸುಮ್ನೆ ಯಾಕಮ್ಮ?"

"ಇಬ್ಬರು ಅಂತ ಬರ್ಕೊಳ್ಳಪ್ಪ" ಅಂದೆ. ಅವನು ಮತ್ತೆ ಏನೋ ಹೇಳಲು ಬಂದ. ಬ್ರೇಕ್ ಹಾಕದ ವಿದ್ಯಾರ್ಥಿಗಳನ್ನು ನೋಡುವ ಹಾಗೆ ಅವನನ್ನು ನೋಡಿದೆ. ಇಬ್ಬರು ಎಂದು ಬರೆದುಕೊಂಡ.

ಮನೆ ಸಿಕ್ಕಿತು. ಎರಡನೆಯ ಮಹಡಿ, ಮುಂದೆ ಲಾಂಡ್ರಿ ಅಂಗಡಿ. ನಿನ್ನ ಕೋಣೆಗೆ ಬೆಳಗಿನ ಬಿಸಿಲು ಬರುತ್ತದೆ. ಮಂಚ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡು ಸಾಕುಬೇಕಾಯಿತು, ನಿಮ್ಮಪ್ಪ ಇದ್ದಿದ್ದರೆ ಕೋನ ಲೆಕ್ಕ ಹಾಕುತ್ತಿದ್ದರು. ಇವತ್ತು ಬೆಳಗ್ಗೆ ಒಳಗೆ ಹೋಯಿತು.

ಮಾಲೀಕರು ಎರಡು ಕೀಲಿ ಕೊಟ್ಟಿದ್ದಾರೆ. ಒಂದು ಈ ಲಕೋಟೆಯಲ್ಲಿದೆ. ಯಾವಾಗ ಬರುತ್ತೀ ಎಂದು ಮೊದಲೇ ತಿಳಿಸಬೇಕಾಗಿಲ್ಲ. ನಾನು ಪಾಠಕ್ಕೆ ಹೋಗಿ ಮನೆಯಲ್ಲಿ ಇಲ್ಲದಿದ್ದರೆ ಬಾಗಿಲು ತೆಗೆದುಕೊಂಡು ಒಳಗೆ ಬಂದು ಮಲಗಿಕೋ. ನಾನು ಬಂದು ಎಬ್ಬಿಸುತ್ತೇನೆ.

ನಿನ್ನ,
ಚಿಕ್ಕಮ್ಮ